ಸ್ವರ ಸಂದೇಹ: ಕರುಳಿನ ತಂತಿ, ಕಾಗೆಯ ಗರಿ

ಈ ಚಳಿಗಾಲದಲ್ಲಿ ಹಳೇ ಗೋವಾದ ಒಂದು ಇಗರ್ಜಿಯಲ್ಲಿ ಯುರೋಪಿನಿಂದ ಬಂದಿದ್ದ ಆರು ಮಂದಿಯ ತಂಡವೊಂದು ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳ ಸಂಗೀತವನ್ನು ಆ ಕಾಲದ ಮಾದರಿಯ ವಾದ್ಯಗಳಲ್ಲೇ ನುಡಿಸಿತು. ಎರಡು ವಯೊಲಿನ್, ಕಾಲುಗಳ ನಡುವೆ ಹಿಡಿದು ನುಡಿಸುವ ವಿಯೊಲಾ ದ ಗಾಂಬಾ, ಬೆರಳಿನಿಂದ ಮೀಟುವ ಲ್ಯೂಟ್ ಜಾತಿಯ ಆಳೆತ್ತರದ ಥಿಯೋರ್ಬೊ, ಮರದ ಕೊಳಲು ಮತ್ತು ಪಿಯಾನೊದಂತೆ ಕೀಲಿಮಣೆಯಿರುವ ಹಾರ್ಪ್ಸಿಕಾರ್ಡ್ ಇದ್ದವು. ನಮ್ಮ ಗೋವಾ, ಮುಂಬಯಿ, ಪುಣೆಯ ಕನ್ನಡಿಗರು ಅಷ್ಟು ಸಂಖ್ಯೆಯಲ್ಲಿ ಅಲ್ಲಿ ಕಂಡದ್ದು ನನಗೇ ಅಚ್ಚರಿ. ಆ ಕಛೇರಿಯ ಬಗ್ಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ರಾಗ, ತಾಳಗಳ ಬಗ್ಗೆ ಬರೆದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕೆಂದು ಕೋರುತ್ತೇನೆ.

ಪ್ರಶ್ನೆ: ಒಂದೂವರೆ ಗಂಟೆಯ ಕಛೇರಿಯಲ್ಲಿ ಇಪ್ಪತ್ತು ನಿಮಿಷವಾದರೂ ಶ್ರುತಿ ಮಾಡುವುದರಲ್ಲೇ ಕಳೆದುಹೋಯಿತು. ವಿರಾಮದಲ್ಲಿಯೂ ಒಬ್ಬರು ಬಿಡದೆ ಬಿರಡೆ ತಿರುಗಿಸುತ್ತಿದ್ದರು. ಅಷ್ಟು ದೂರದಿಂದ ಬಂದವರು ಮೊದಲೇ ಶ್ರುತಿ ಮಾಡಿಟ್ಟುಕೊಂಡು ಬರಬಾರದಿತ್ತೇ?
— ವಾಸ್ಕೋದ ಓದುಗರು

ಉತ್ತರ: ಮಾಡಿಟ್ಟುಕೊಂಡೇ ಬಂದಿದ್ದರು, ಅದನ್ನು ಕೆಡಿಸಿದ್ದು ಮಾಂಡವಿ ನದಿಯ ಗಾಳಿ. ಆ ವಯೊಲಿನ್‌ಗಳಿಗೂ ಗಾಂಬಾಕ್ಕೂ ಹಾಕಿದ್ದು ಉಕ್ಕಿನ ತಂತಿಯಲ್ಲ, ಕುರಿಯ ಕರುಳನ್ನು ಸೀಳಿ, ಹೊಸೆದು, ಒಣಗಿಸಿ ಮಾಡಿದ ತಂತಿ. ಕರುಳು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಎರಡೂ ಸಲ ಶ್ರುತಿ ಕದಲುತ್ತದೆ. ಮಳೆಗಾಲದಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಗರ್ಜಿಯಲ್ಲಿ ಇನ್ನೂರು ಜನ ಕುಳಿತು ಉಸಿರಾಡತೊಡಗಿದ ಮೇಲಂತೂ ಒಳಗಿನ ಗಾಳಿಯೇ ಬೇರೆಯಾಗುತ್ತದೆ. ಥಿಯೋರ್ಬೊ ವಾದಕನ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಅವನ ಕೈಯಲ್ಲಿ ಹದಿನಾಲ್ಕು ತಂತಿಗಳಿರುತ್ತವೆ. ಜರ್ಮನಿಯ ಮಾಟೆಸನ್ ಎಂಬ ಸಂಗೀತಗಾರ 1713ರಲ್ಲೇ ಈ ಜಾತಿಯ ವಾದಕರನ್ನು ಗೇಲಿ ಮಾಡಿದ್ದ: ಲ್ಯೂಟ್ ನುಡಿಸುವವನು ಎಂಬತ್ತು ವರ್ಷ ಬದುಕಿದರೆ ಅದರಲ್ಲಿ ಅರವತ್ತು ವರ್ಷ ಶ್ರುತಿ ಮಾಡಿಯೇ ಕಳೆದಿರುತ್ತಾನೆ ಎಂಬುದು ಅವನ ಮಾತಿನ ಸಾರ.

ವಿರಾಮದಲ್ಲಿ ನೀವು ಕಂಡದ್ದು ಮಾತ್ರ ಬೇರೆಯೇ ಕೆಲಸ. ಹಾರ್ಪ್ಸಿಕಾರ್ಡಿನ ಲೋಹದ ತಂತಿಗಳು, ಎರಡು ಸಾಲು ಸೇರಿದರೆ ನೂರರ ಆಸುಪಾಸು, ಆಗ ಶ್ರುತಿ ತಪ್ಪಿರಲಿಲ್ಲ. ಅದನ್ನು ನುಡಿಸುವ ಕಲಾವಿದೆ ಶ್ರುತಿ ಕೂರಿಸುವ ಒಂದು ಪದ್ಧತಿಯನ್ನು ಬಿಟ್ಟು ಬೇಕೆಂದೇ ಇನ್ನೊಂದಕ್ಕೆ ಹೋಗುತ್ತಿದ್ದರು. ಮುಂದಿನ ಪ್ರಶ್ನೆ ಅದನ್ನೇ ಕುರಿತದ್ದು.

ಪ್ರಶ್ನೆ: ನಾನು ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತೇನೆ. ಮೊಬೈಲಿನಲ್ಲಿ ನೋಡಿದಾಗ ಅವರ ‘ಬಿಳಿ ಆರು’ (ಆರನೆಯ ಬಿಳಿ ಕೀಲಿಯ ಸ್ವರ) ನಮ್ಮ ‘ಕರಿ ನಾಲ್ಕರ’ ಹತ್ತಿರ ಇತ್ತು. ಜೊತೆಗೆ ಮೊದಲರ್ಧದಲ್ಲಿ ಗಾಂಧಾರ ತುಸು ಇಳಿದಂತೆಯೂ, ಆದರೂ ಬಹಳ ಹಿತವಾಗಿಯೂ ಕೇಳಿಸಿತು. ಇದು ನನ್ನ ಭ್ರಮೆಯೇ?
— ಮಡಗಾಂವ್‌ನ ಓದುಗರು

ಉತ್ತರ: ಭ್ರಮೆಯಲ್ಲ, ಕಿವಿ ತಯಾರಾಗಿದೆ. ನೀವು ಕೇಳಿದ್ದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳನ್ನು.

ಇಂದು ಜಗತ್ತಿನ ಬಹುಪಾಲು ವಾದ್ಯಗಳಲ್ಲಿ ‘ಬಿಳಿ ಆರು’ ಸೆಕೆಂಡಿಗೆ 440 ಕಂಪನಗಳಿಗೆ ಕೂರುತ್ತದೆ. 1939ರಲ್ಲಿ ಲಂಡನ್ನಿನಲ್ಲಿ ನಡೆದ ಸಮಾವೇಶವೊಂದು ಒಪ್ಪಿದ ಅಳತೆ ಅದು. ಅದಕ್ಕೂ ಹಿಂದೆ ಊರಿಗೊಂದು ಶ್ರುತಿಯಿತ್ತು. ವೆನಿಸ್ಸಿನದು ಮೇಲಿದ್ದರೆ ರೋಮಿನದು ಕೆಳಗೆ, ಫ್ರಾನ್ಸಿನ ಗೀತನಾಟಕಗಳದ್ದೂ ಕೆಳಗೆ. ಒಂದೇ ಊರಿನ ಇಗರ್ಜಿಯ ಆರ್ಗನ್ನಿನದೊಂದು, ಅರಮನೆಯದೊಂದು. ಹೀಗಿರುವಾಗ ಇಂದಿನ ಹಳೆಯ ವಾದ್ಯಗಳ ತಂಡಗಳು 415 ಕಂಪನಗಳನ್ನು ಆರಿಸಿಕೊಂಡಿರುವುದು ಇತಿಹಾಸದ ಅಪ್ಪಣೆ ಎನ್ನುವುದಕ್ಕಿಂತ ಒಂದು ಅನುಕೂಲದ ಒಪ್ಪಂದವೆಂದರೆ ಸರಿಯಾದೀತು. 440ರಿಂದ ಸರಿಯಾಗಿ ಅರ್ಧಸ್ವರ ಇಳಿದರೆ 415 ಸಿಗುತ್ತದೆ, ಅಂದರೆ ನಿಮ್ಮ ಕರಿ ನಾಲ್ಕು. ಹೀಗಾಗಿ ಹಾರ್ಪ್ಸಿಕಾರ್ಡಿನ ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳ, ಚೌಕಟ್ಟನ್ನು ಒಂದು ತಂತಿಯಷ್ಟು ಪಕ್ಕಕ್ಕೆ ಸರಿಸಿದರೆ ಅದೇ ವಾದ್ಯ ಎರಡೂ ಶ್ರುತಿಗೆ ಒದಗುತ್ತದೆ.

ಗಾಂಧಾರದ ಮಾತು ಇದಕ್ಕಿಂತ ಸ್ವಾರಸ್ಯದ್ದು. ಒಳ್ಳೆಯ ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿಯನ್ನು ಮೀಟಿ ಕಿವಿಗೊಟ್ಟರೆ, ಯಾರೂ ಮೀಟದ ಗಾಂಧಾರವೊಂದು ತಾನಾಗಿ ತೇಲಿಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಅದು ಪ್ರಕೃತಿ ಕೊಟ್ಟ ಶುದ್ಧ ಗಾಂಧಾರ. ಹಾರ್ಮೋನಿಯಂ ಮತ್ತು ಪಿಯಾನೊಗಳ ಗಾಂಧಾರ ಅದಕ್ಕಿಂತ ಮೇಲಿರುತ್ತದೆ. ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು ಹದಿನಾಲ್ಕು ಪಾಲಿನಷ್ಟು. ಹನ್ನೆರಡೂ ಮನೆಗಳನ್ನು ಸಮಾನ ಅಂತರದಲ್ಲಿ ಕೂರಿಸಿ, ಯಾವ ಮನೆಯನ್ನು ಷಡ್ಜ ಮಾಡಿಕೊಂಡರೂ ಕೆಲಸ ಸಾಗುವಂತೆ ಮಾಡಿದ್ದಕ್ಕೆ ತೆತ್ತ ಬೆಲೆ ಅದು. ಹದಿನಾರು, ಹದಿನೇಳನೆಯ ಶತಮಾನಗಳ ಯುರೋಪು ಆ ಬೆಲೆಯನ್ನು ತೆರಲು ಇನ್ನೂ ಸಿದ್ಧವಿರಲಿಲ್ಲ. ಆಗ ರೂಢಿಯಲ್ಲಿದ್ದ ಒಂದು ಪದ್ಧತಿಯಲ್ಲಿ ಪಂಚಮಗಳನ್ನು ತುಸು ತುಸುವೇ ಕುಗ್ಗಿಸಿ ಗಾಂಧಾರಗಳನ್ನು ಶುದ್ಧವಾಗಿ ಉಳಿಸಿಕೊಳ್ಳುತ್ತಿದ್ದರು. ಉಳಿದ ಕೊರತೆಯೆಲ್ಲ ಒಂದು ಮೂಲೆಯ ಒಂದೇ ಪಂಚಮದ ತಲೆಯ ಮೇಲೆ ಬೀಳುತ್ತಿತ್ತು. ಅದು ಊಳಿಡುತ್ತಿದ್ದುದರಿಂದ ಅದಕ್ಕೆ ‘ತೋಳ’ ಎಂದೇ ಹೆಸರು. ಆ ಕಡೆ ಹೋಗದಂತೆ ಎಚ್ಚರ ವಹಿಸಿ ಸಂಗೀತ ಬರೆಯುತ್ತಿದ್ದರು. ಕಛೇರಿಯ ಮೊದಲರ್ಧಕ್ಕೆ ಇದೇ ಶ್ರುತಿಯನ್ನು ಇಟ್ಟಿದ್ದಾಗಿ ಆ ಕಲಾವಿದೆ ನನಗೆ ಹೇಳಿದರು. ಎರಡನೆಯ ಅರ್ಧದ ರಚನೆಗಳು ಹದಿನೆಂಟನೆಯ ಶತಮಾನದವು, ಆ ಮೂಲೆಗೂ ಹೋಗುವಂಥವಾದ್ದರಿಂದ ತೋಳವನ್ನು ಓಡಿಸಲೇಬೇಕಾಗಿತ್ತು, ವಿರಾಮದ ತಿರುಗಣೆ ಅದಕ್ಕಾಗಿಯೇ.

ಹಾರ್ಮೋನಿಯಂನ ಸ್ವರಗಳು ನಮ್ಮ ಶ್ರುತಿಗಳಿಗೆ ಒಗ್ಗುವುದಿಲ್ಲವೆಂಬ ತಕರಾರಿನ ನಡುವೆ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿದ್ದು, ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಅದಕ್ಕೂ ಮೊದಲೇ ಇಪ್ಪತ್ತೆರಡು ಶ್ರುತಿಗಳ ಲೆಕ್ಕ ಹಿಡಿದು ಹೊರಟಿದ್ದು ನಿಮಗೆ ತಿಳಿದಿರಬಹುದು. ಅವರೆಲ್ಲ ಹುಡುಕುತ್ತಿದ್ದ ಗಾಂಧಾರದ ಹತ್ತಿರದ ಬಂಧು ಅಂದು ನಿಮ್ಮ ಕಿವಿಗೆ ಬಿದ್ದದ್ದು.

ಪ್ರಶ್ನೆ: ಪಿಯಾನೊ ಇರುವಾಗ ಹಾರ್ಪ್ಸಿಕಾರ್ಡ್ ಏಕೆ? ಉಕ್ಕಿನ ತಂತಿ ಇರುವಾಗ ಕರುಳೇಕೆ? ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟು ಎತ್ತಿನ ಗಾಡಿಯಲ್ಲಿ ಪುಣೆಯಿಂದ ಮುಂಬಯಿಗೆ ಹೋದಂತಲ್ಲವೇ ಇದು?
— ಪುಣೆಯ ಓದುಗರು (ವೃತ್ತಿಯಿಂದ ಎಂಜಿನಿಯರ್)

ಉತ್ತರ: ಹೋಲಿಕೆ ಚುರುಕಾಗಿದೆ. ಆದರೆ ಮುಂಬಯಿ ಸೇರುವುದೊಂದೇ ಉದ್ದೇಶವಾಗಿದ್ದಾಗ ಮಾತ್ರ ಅದು ಸಲ್ಲುತ್ತದೆ. ಖಂಡಾಲಾ ಘಾಟಿಯನ್ನು ನೋಡುವುದಕ್ಕೆಂದು ಹೊರಟವನಿಗೆ ಲೆಕ್ಕ ಬೇರೆ.

ಹಾರ್ಪ್ಸಿಕಾರ್ಡಿನಲ್ಲಿ ಮನೆಯನ್ನು ಒತ್ತಿದರೆ ಮರದ ಸಣ್ಣ ಪಟ್ಟಿಯೊಂದು ಮೇಲೇಳುತ್ತದೆ; ಅದರಲ್ಲಿ ಸಿಕ್ಕಿಸಿದ ಹಕ್ಕಿಗರಿಯ ತುಂಡು, ಹೆಚ್ಚಾಗಿ ಕಾಗೆಯ ಜಾತಿಯ ಹಕ್ಕಿಯದು, ತಂತಿಯನ್ನು ಮೀಟುತ್ತದೆ. ಬೆರಳನ್ನು ಮೆಲ್ಲಗೆ ಊರಿದರೂ ಜೋರಾಗಿ ಊರಿದರೂ ನಾದದ ಗಾತ್ರ ಹೆಚ್ಚುಕಡಿಮೆ ಒಂದೇ. ಈ ಕೊರತೆಯನ್ನು ನೀಗಲೆಂದೇ ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ಸುತ್ತಿಗೆಯಿಂದ ತಂತಿಯನ್ನು ಬಡಿಯುವ ವಾದ್ಯವನ್ನು ಮಾಡಿದ. ಇಂದಿನ ಪಿಯಾನೊದ ಮೂಲಪುರುಷ ಅದೇ. 1720ರಲ್ಲಿ ಅವನು ಮಾಡಿದ ಒಂದು ವಾದ್ಯ ಇಂದಿಗೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಇಷ್ಟರ ಮಟ್ಟಿಗೆ ನೀವು ಹೇಳುವುದು ನಿಜ, ಇದು ಪ್ರಗತಿಯೇ.

ಆದರೆ ದನಿಯನ್ನು ಏರಿಸಿ ಇಳಿಸಲಾಗದ ವಾದ್ಯಕ್ಕೆ ಸಂಗೀತ ಬರೆದವರು ಆ ಕೊರತೆಯನ್ನು ಬಲ್ಲವರಾಗಿದ್ದರು. ಒತ್ತು ಬೇಕಾದ ಕಡೆ ಹೆಚ್ಚು ಸ್ವರಗಳನ್ನು ಒಟ್ಟಿಗೆ ಇಟ್ಟರು, ಒಂದು ಸ್ವರವನ್ನು ಕೂದಲೆಳೆಯಷ್ಟು ತಡಮಾಡಿ ಅದಕ್ಕೆ ತೂಕ ತಂದರು, ಬೇಗ ಆರಿಹೋಗುವ ನಾದದ ಮೇಲೆ ಕಂಪಿತ, ಮುರ್ಕಿಯಂಥ ಅಲಂಕಾರಗಳನ್ನು ಹೊದಿಸಿದರು. ಪಿಯಾನೊ ಆ ಸಂಗೀತವನ್ನು ಸೊಗಸಾಗಿಯೇ ನುಡಿಸುತ್ತದೆ. ಆದರೆ ಈ ಉಪಾಯಗಳೆಲ್ಲ ಯಾಕಿದ್ದವು ಎಂಬುದು ಅಲ್ಲಿ ಮರೆಯಾಗುತ್ತದೆ.

ಕಮಾನಿನ ಕಥೆಯೂ ಹೀಗೆಯೇ. ಅಂದು ವೇದಿಕೆಯಲ್ಲಿದ್ದ ಕಮಾನುಗಳು ನಿಜವಾದ ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಇಂದಿನ ವಯೊಲಿನ್ನಿನ ಕಮಾನು ಕೂದಲಿನ ಕಡೆಗೆ, ಒಳಕ್ಕೆ, ಬಾಗಿರುತ್ತದೆ. ಪ್ಯಾರಿಸ್ಸಿನ ಫ್ರಾಂಸ್ವಾ ಟೂರ್ಟ್ (1747–1835) ಅದಕ್ಕೆ ಕೊನೆಯ ರೂಪ ಕೊಟ್ಟವನು. ಹೊಸ ಕಮಾನು ಹಿಡಿಯಿಂದ ತುದಿಯವರೆಗೆ ಒಂದೇ ಬಲದ ಉದ್ದನೆಯ ನಾದವನ್ನು ಎಳೆಯಬಲ್ಲದು. ಹಳೆಯ ಕಮಾನಿನಲ್ಲಿ ಎಳೆತ ಹಿಡಿಯ ಬಳಿ ಗಟ್ಟಿ, ತುದಿಗೆ ಬರುವಾಗ ತೆಳು. ಹೀಗಾಗಿ ಗುರು, ಲಘುಗಳ ಏರಿಳಿತ ತಾನಾಗಿ ಬರುತ್ತದೆ. ಅಂದಿನ ವಯೊಲಿನ್‌ಗಳು ಹಾಡುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಿದ್ದಂತೆ ನನಗೆ ಕೇಳಿಸಿದ್ದು ಇದರಿಂದಲೇ ಎಂದು ತೋರುತ್ತದೆ.

ವಾದ್ಯಗಳು ಬದಲಾದದ್ದಕ್ಕೆ ದೊಡ್ಡ ಕಾರಣ ಸಭಾಂಗಣಗಳು ಬೆಳೆದದ್ದು. ಅರಮನೆಯ ಕೋಣೆಯಿಂದ ಟಿಕೆಟ್ಟಿನ ಸಭಾಂಗಣಕ್ಕೆ ಸಂಗೀತ ಬಂದಾಗ ಕೊನೆಯ ಸಾಲಿನವನಿಗೂ ಕೇಳಿಸಬೇಕಾಯಿತು. ನಮ್ಮಲ್ಲಿ ಸಾರಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದದ್ದನ್ನು ನೆನಪಿಸಿಕೊಳ್ಳಿ. ಕಲಿಯಲು ಸುಲಭ, ಶ್ರುತಿ ಮಾಡುವ ರಗಳೆಯಿಲ್ಲ, ದನಿ ಗಟ್ಟಿ. ಎಲ್ಲ ಲೆಕ್ಕದಲ್ಲೂ ಮೇಲು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಮಾತ್ರ ಹೋಯಿತು. ಅಂದಹಾಗೆ ಸಾರಂಗಿಯ ಮುಖ್ಯ ತಂತಿಗಳು ಇಂದಿಗೂ ಕರುಳಿನವೇ.

ಮುಂಬಯಿಯ ಒಂದು ಸಭಾಂಗಣದಲ್ಲಿ ಕೆಲವು ವರ್ಷಗಳ ಹಿಂದೆ ವ್ಯವಸ್ಥಾಪಕರು ಹಾರ್ಪ್ಸಿಕಾರ್ಡಿನ ಹೊಟ್ಟೆಯೊಳಗೆ ಮೈಕ್ ಇಟ್ಟು ಜೋರು ಮಾಡಿದ್ದನ್ನು ಕೇಳಿದ್ದೇನೆ. ಕಾರ್ಯಕ್ರಮದುದ್ದಕ್ಕೂ ಯಾರೋ ಚಮಚದ ಡಬ್ಬಿಯನ್ನು ಅಲ್ಲಾಡಿಸಿದಂತಿತ್ತು.

ಪ್ರಶ್ನೆ: ಆ ವಾದ್ಯಗಳು ನಿಜಕ್ಕೂ ಮುನ್ನೂರು ವರ್ಷ ಹಳೆಯವೇ? ವಿಮಾನದಲ್ಲಿ ಹೇಗೆ ತರುತ್ತಾರೆ?
— ಡೊಂಬಿವಲಿಯ ಓದುಗರು

ಉತ್ತರ: ಅವುಗಳಲ್ಲಿ ಹೆಚ್ಚಿನವು ನನ್ನ ಮಗಳಿಗಿಂತ ಚಿಕ್ಕವು. ಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ವಾದ್ಯಗಳನ್ನು ಅಳೆದು, ಅದೇ ಅಳತೆಯಲ್ಲಿ ಇಂದಿನ ಕುಶಲಕರ್ಮಿಗಳು ಮಾಡುವ ಪ್ರತಿಗಳವು. ವಿಚಿತ್ರವೆಂದರೆ, ಇಂಥ ಹೊಸ ಪ್ರತಿಯೇ ಎಷ್ಟೋ ಸಲ ಹಳೆಯ ವಾದ್ಯಕ್ಕಿಂತ ಹಳೆಯದಾಗಿರುತ್ತದೆ. ಸ್ಟ್ರಾಡಿವಾರಿ (ಮರಣ 1737) ಮಾಡಿದ ವಯೊಲಿನ್‌ಗಳು ಇಂದು ಕೋಟಿಗಟ್ಟಲೆ ಬೆಲೆ ಬಾಳುತ್ತವೆ. ಆದರೆ ಅವುಗಳಲ್ಲಿ ಬಹುತೇಕ ಎಲ್ಲದರ ಕುತ್ತಿಗೆಯನ್ನು ಆಮೇಲಿನವರು ಕತ್ತರಿಸಿ, ಉದ್ದನೆಯದನ್ನು ಹೆಚ್ಚು ಓರೆಯಾಗಿ ಕೂರಿಸಿದ್ದಾರೆ, ಒಳಗಿನ ಮರದ ಆಧಾರಪಟ್ಟಿಯನ್ನು ದಪ್ಪಗೊಳಿಸಿದ್ದಾರೆ. ಮುಟ್ಟಿದರೆ ಮುನ್ನೂರು ವರ್ಷದ ಮರ, ನುಡಿಸಿದರೆ ಹತ್ತೊಂಬತ್ತನೆಯ ಶತಮಾನದ ದನಿ. ಸಣ್ಣ ವಾದ್ಯಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಥಿಯೋರ್ಬೊಗೆ ಎಷ್ಟೋ ಸಲ ಪಕ್ಕದ ಆಸನವನ್ನೇ ಕೊಳ್ಳಬೇಕಾಗುತ್ತದೆ.

ವಿರಾಮದಲ್ಲಿ ಹತ್ತಿರ ಹೋಗಿ ಗಾಂಬಾವನ್ನು ನೋಡಿದೆ. ಸ್ವರದ ಜಾಗ ಗುರುತಿಸುವ ಅದರ ಮೆಟ್ಟಿಲುಗಳು ಲೋಹದವಲ್ಲ, ಕುತ್ತಿಗೆಗೆ ಬಿಗಿದು ಕಟ್ಟಿದ ಕರುಳಿನ ಎಳೆಗಳು. ಒಂದು ಸಡಿಲವಾಗಿತ್ತು. ವಾದಕ ಅದನ್ನು ಬಿಚ್ಚಿ, ಹೊಸ ಎಳೆಯನ್ನು ಗಂಟು ಹಾಕಿ ಎಳೆದು, ಗಂಟಿನ ತುದಿಗೆ ಲೈಟರ್ ಹಿಡಿದ. ಚುರ್ರೆಂದು ಕೂದಲು ಸುಟ್ಟ ವಾಸನೆ ಬಂತು, ತುದಿ ಉಂಡೆಗಟ್ಟಿ ಗಂಟು ಗಟ್ಟಿಯಾಯಿತು. ಆಮೇಲೆ ಕಿವಿಗೊಟ್ಟು ಅದನ್ನು ಬೆರಳಿನಿಂದ ನೂಲಿನಷ್ಟು ಹಿಂದಕ್ಕೆ ಸರಿಸಿದ. ನಮ್ಮ ಸಿತಾರಿನ ಪರದೆಗಳನ್ನು (ಮೆಟ್ಟಿಲುಗಳನ್ನು) ರಾಗಕ್ಕೆ ತಕ್ಕಂತೆ ಸರಿಸುವುದೂ ಹೀಗೆಯೇ ಅಲ್ಲವೇ!

ಪ್ರಶ್ನೆ: ಆ ಕಾಲದ ಧ್ವನಿಮುದ್ರಣವಿಲ್ಲ. ಹಾಗಿದ್ದರೂ ‘ಹೀಗೆಯೇ ನುಡಿಸುತ್ತಿದ್ದರು’ ಎಂದು ಇವರು ಹೇಗೆ ಹೇಳುತ್ತಾರೆ? ಇದೆಲ್ಲ ಊಹೆಯೆಂದು ನನ್ನ ಅನಿಸಿಕೆ.
— ಮುಲುಂಡ್‌ನ ಓದುಗರು

ಉತ್ತರ: ಸಾಕಷ್ಟು ಊಹೆ ಇದೆ, ಆದರೆ ಕುರುಡು ಊಹೆಯಲ್ಲ. ಹದಿನೆಂಟನೆಯ ಶತಮಾನದ ನಡುವಿನ ನಾಲ್ಕೇ ವರ್ಷಗಳಲ್ಲಿ ಮೂರು ದೊಡ್ಡ ಕೈಪಿಡಿಗಳು ಬಂದವು: ಕೊಳಲಿನ ಬಗ್ಗೆ ಕ್ವಾಂಟ್ಸ್ ಬರೆದದ್ದು 1752ರಲ್ಲಿ, ಕೀಲಿಮಣೆಯ ವಾದ್ಯಗಳ ಬಗ್ಗೆ ಜರ್ಮನಿಯ ಸಂಗೀತ ಸಂಯೋಜಕ ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬರೆದದ್ದು 1753ರಲ್ಲಿ, ವಯೊಲಿನ್ ಬಗ್ಗೆ ಮೊಝಾರ್ಟನ ತಂದೆ ಲಿಯೋಪೋಲ್ಡ್ ಬರೆದದ್ದು 1756ರಲ್ಲಿ. ಯಾವ ಸ್ವರಕ್ಕೆ ಯಾವ ಅಲಂಕಾರ, ಕಮಾನು ಯಾವಾಗ ಮೇಲೆ ಯಾವಾಗ ಕೆಳಗೆ, ವಾದ್ಯವನ್ನು ಎದೆಗೆ ಹೇಗೆ ಒರಗಿಸಬೇಕು ಎಂಬುದೆಲ್ಲ ಅವುಗಳಲ್ಲಿದೆ. ಗದ್ದ ಊರುವ ಪಟ್ಟಿ ಬಂದದ್ದು 1820ರ ಸುಮಾರಿಗೆ, ಸ್ಪೋರ್ ಎಂಬ ವಾದಕನಿಂದ. ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ವಯೊಲಿನ್ ಕಲಿತು ಕರ್ನಾಟಕ ಸಂಗೀತಕ್ಕೆ ತಂದದ್ದು ಅದಕ್ಕೂ ಮೊದಲು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ನಮ್ಮ ವಾದಕರು ಗದ್ದದ ಹಂಗಿಲ್ಲದೆ ಕುಳಿತು ನುಡಿಸುವುದು ಅಷ್ಟೇನೂ ವಿಚಿತ್ರವೆನಿಸದು.

ಲಯಕ್ಕೆ ಕ್ವಾಂಟ್ಸ್ ಕೊಟ್ಟ ಅಳತೆ ನನಗೆ ಬಹಳ ಪ್ರಿಯವಾದದ್ದು. ಟಕಟಕನೆ ಲಯ ತೋರಿಸುವ ಮೆಟ್ರೊನೋಮ್ ಯಂತ್ರ ಇಲ್ಲದ ಕಾಲವದು. ಮಧ್ಯಾಹ್ನದ ಊಟವಾದ ಮೇಲೆ ಉಲ್ಲಾಸದಿಂದಿರುವ ಆರೋಗ್ಯವಂತನ ನಾಡಿ ಹಿಡಿಯಿರಿ, ನಿಮಿಷಕ್ಕೆ ಸುಮಾರು 80 ಬಡಿತ ಸಿಗುತ್ತದೆ, ಅದನ್ನು ಅಳತೆಗೋಲು ಮಾಡಿಕೊಳ್ಳಿ ಎಂದು ಅವನು ಹೇಳುತ್ತಾನೆ.

ಇನ್ನೊಂದು ಆಧಾರ ಸ್ವತಃ ಹಸ್ತಪ್ರತಿಗಳೇ. ಹಾರ್ಪ್ಸಿಕಾರ್ಡ್ ವಾದಕಿಯ ಮುಂದಿದ್ದ ಹಾಳೆಯಲ್ಲಿ ಎಡಗೈಯ ಒಂದೇ ಸಾಲು ಸ್ವರ, ಅದರ ಕೆಳಗೆ 6, 7, 4, 3 ಎಂಬಂಥ ಅಂಕಿಗಳು ಮಾತ್ರ ಇದ್ದವು. ಯಾವ ಸ್ವರಗಳನ್ನು ಜೊತೆಗೂಡಿಸಬೇಕೆಂಬುದಕ್ಕೆ ಅದು ಸೂಚನೆ. ಅದನ್ನು ಹೇಗೆ ತುಂಬಬೇಕು, ಎಷ್ಟು ದಟ್ಟವಾಗಿ, ಎಷ್ಟು ತೆಳುವಾಗಿ ಎಂಬುದನ್ನು ಅಂದಂದಿನ ಹಾಡುಗಾರನ ದನಿ ನೋಡಿ ಆಗಲೇ ನಿರ್ಧರಿಸಬೇಕು. ಪಾಶ್ಚಾತ್ಯ ಸಂಗೀತವೆಂದರೆ ಬರೆದದ್ದನ್ನು ಬರೆದ ಹಾಗೆ ಒಪ್ಪಿಸುವುದು ಎಂಬ ನಮ್ಮ ಕಡೆಯ ನಂಬಿಕೆ ಈ ಕಾಲದ ಮಟ್ಟಿಗೆ ನಿಲ್ಲುವುದಿಲ್ಲ.

ಹೀಗೆ ಆಧಾರಗಳನ್ನು ಕೆದಕುವ ಚಳವಳಿಗೂ ನೂರು ವರ್ಷ ಮೀರಿದೆ. ಇಂಗ್ಲೆಂಡಿನಲ್ಲಿ ನೆಲೆಸಿದ ಅರ್ನಾಲ್ಡ್ ಡಾಲ್ಮೆಚ್ (1858–1940) ಹಳೆಯ ವಾದ್ಯಗಳನ್ನು ತಾನೇ ಮಾಡಿ, ಮನೆಮಂದಿಯನ್ನೆಲ್ಲ ನುಡಿಸಲು ಕೂರಿಸಿದ. ವಿಯೆನ್ನಾದ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ನುಡಿಸುತ್ತಿದ್ದ ಹಾರ್ನೋನ್‌ಕೂರ್ 1953ರಲ್ಲಿ ತನ್ನದೇ ತಂಡ ಕಟ್ಟಿದ; ನೆದರ್ಲೆಂಡ್ಸಿನ ಲಿಯೋನ್‌ಹಾರ್ಟ್ ಜೊತೆ ಸೇರಿ ಬಾಖ್‌ನ ಇಗರ್ಜಿ ಕ್ಯಾಂಟಾಟಾಗಳ (ವಾದ್ಯಗಳೊಡನೆ ಹಾಡುವ ಗಾಯನರಚನೆಗಳ) ಧ್ವನಿಮುದ್ರಣವನ್ನು 1971ರಲ್ಲಿ ಆರಂಭಿಸಿ ಮುಗಿಸಲು ಎರಡು ದಶಕ ಹಿಡಿಯಿತು.

ನಿಮ್ಮ ಸಂಶಯವನ್ನು ನಿಮಗಿಂತ ಖಾರವಾಗಿ ಹೇಳಿದವರು ಅಮೆರಿಕದ ವಿದ್ವಾಂಸ ರಿಚರ್ಡ್ ತರುಸ್ಕಿನ್ (1945–2022). ಚುರುಕು ಲಯ, ತೆಳು ನಾದ, ಭಾವುಕತೆಯ ಬಗ್ಗೆ ಸಂಕೋಚ ಇವೆಲ್ಲ ಹದಿನೆಂಟನೆಯ ಶತಮಾನದ ರುಚಿಯಲ್ಲ, ಇಪ್ಪತ್ತನೆಯ ಶತಮಾನದ್ದು; ‘ಅಧಿಕೃತ’ ಎಂಬ ಮೊಹರು ಅದಕ್ಕೆ ಹೊದಿಸಿದ ಶಾಲು ಎಂಬುದು ಅವರ ವಾದದ ತಿರುಳು. ನನಗೆ ಈ ವಾದ ಬಹುಮಟ್ಟಿಗೆ ಒಪ್ಪಿಗೆ. ಆದರೂ ನಾನು ಇಂಥ ಕಛೇರಿಗೆ ಹೋಗುವುದನ್ನು ಬಿಟ್ಟಿಲ್ಲ. ‘ಹೀಗೆಯೇ ನುಡಿಸುತ್ತಿದ್ದರು’ ಎಂಬ ಮಾತನ್ನು ನಾನು ನಂಬಿ ಹೋಗುವುದಿಲ್ಲ. ರೂಢಿಯಿಂದ ಮೊಂಡಾದ ನನ್ನ ಕಿವಿಯನ್ನು ಬೇರೆ ಹತ್ಯಾರು ಹೇಗೆ ಉಜ್ಜುತ್ತದೆ ಎಂದು ನೋಡಲು ಹೋಗುತ್ತೇನೆ.

ಪ್ರಶ್ನೆ: ಈ ಸಂಗೀತಕ್ಕೂ ನಮ್ಮ ನೆಲಕ್ಕೂ ಏನಾದರೂ ಸಂಬಂಧವಿದೆಯೇ, ಅಥವಾ ಇದು ಪ್ರವಾಸಿಗರಿಗಾಗಿ ತಂದ ಸರಕೇ?
— ಪಣಜಿಯ ಓದುಗರು

ಉತ್ತರ: ನೀವು ಕುಳಿತಿದ್ದ ಊರೇ ಉತ್ತರ. ಪೋರ್ಚುಗೀಸರು ಗೋವಾವನ್ನು ಹಿಡಿದದ್ದು 1510ರಲ್ಲಿ. ಆ ಶತಮಾನದಿಂದಲೇ ಇಗರ್ಜಿಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆ ಸ್ವರಲಿಪಿಯನ್ನೂ ಗಾಯನವನ್ನೂ ಕಲಿಸಲಾಯಿತು. ಮತಾಂತರದ ಕಹಿ ಅಧ್ಯಾಯವೂ ಅದರೊಂದಿಗೇ ಇದೆ, ಅದನ್ನು ಮರೆಸಬೇಕಾಗಿಲ್ಲ. ಆ ಶಾಲೆಗಳ ಪರಂಪರೆ ಎಷ್ಟು ದೂರ ಹರಿಯಿತೆಂದರೆ ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ (1927–2012) ಅವರಂಥ ವಯೊಲಿನ್ ವಾದಕರ ಮೂಲಕ ಮುಂಬಯಿಯ ಹಿಂದಿ ಚಿತ್ರಗೀತೆಗಳವರೆಗೆ ಬಂತು. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರ ಶಿಷ್ಯರು.

ಗೋವಾದಿಂದ ಒಳನಾಡಿಗೂ ವಾದ್ಯಗಳು ಹೋದವು. 1580ರ ಸುಮಾರಿಗೆ ಹಾಜಿ ಹಬೀಬುಲ್ಲಾ ಎಂಬಾತ ತಂದ ಆರ್ಗನ್ ಒಂದನ್ನು ಅಕ್ಬರನ ಆಸ್ಥಾನದಲ್ಲಿ ಪ್ರದರ್ಶಿಸಲಾಯಿತು. ಇತಿಹಾಸಕಾರ ಬದಾಯೂನಿ ಅದನ್ನು ಕಣ್ಣರಳಿಸಿ ವರ್ಣಿಸುತ್ತಾನೆ: ಆಳೆತ್ತರದ ಪೆಟ್ಟಿಗೆ, ಒಳಗೆ ಕುಳಿತ ಫಿರಂಗಿ (ಯುರೋಪಿನವನು), ಹೊರಗೆ ನವಿಲುಗರಿಗಳ ಮೇಲೆ ಬೆರಳಾಡಿಸುವ ಇಬ್ಬರು, ಎಲ್ಲ ಬಗೆಯ ನಾದಗಳು. ಗಾಳಿಯ ತಿದಿ ಯಾವುದು, ಮನೆ ಯಾವುದು ಎಂದು ಅವನಿಗೆ ಅರ್ಥವಾದಂತಿಲ್ಲ. ಮೊದಲ ಸಲ ಹಾರ್ಪ್ಸಿಕಾರ್ಡಿನೊಳಗೆ ಇಣುಕಿದಾಗ ನನ್ನ ಪರಿಸ್ಥಿತಿಯೂ ಹೆಚ್ಚುಕಡಿಮೆ ಅದೇ.

ಕನ್ನಡಿಗರಿಗೆ ಇನ್ನೂ ಹತ್ತಿರದ ಕೊಂಡಿಯೊಂದಿದೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಸಾಧಾರಣ ಪ್ರವಾಸಿಯಲ್ಲ. ಊರಿಗೆ ಮರಳಿದ ಮೇಲೆ ತನ್ನ ಕಾಲದ ಸಂಗೀತವನ್ನು ಕುರಿತು 1640ರಲ್ಲಿ ಪ್ರಬಂಧ ಬರೆದವನು, ಹೊಸ ಸ್ವರಮೇಳಗಳಿಗೆ ಒದಗುವ ವಾದ್ಯಗಳನ್ನು ಹೇಳಿ ಮಾಡಿಸಿದವನು, ಸ್ವತಃ ರಾಗಸಂಯೋಜಕ. ಅಂಥವನು 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು, ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಅಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಸುತ್ತುಗಟ್ಟಿ ಕುಣಿಯುವುದನ್ನೂ, ಒಬ್ಬಳು ಒಂದು ಚರಣ ಹಾಡಿದರೆ ಉಳಿದವರು ‘ಕೋಲೆ, ಕೋಲೆ’ ಎಂದು ಪಲ್ಲವಿ ಎತ್ತುವುದನ್ನೂ ಅವನು ಪತ್ರದಲ್ಲಿ ಬರೆದಿಟ್ಟ. ಅಂದಿನ ಕಛೇರಿಯ ಮೊದಲರ್ಧದ ಸಂಗೀತ ರೋಮಿನಲ್ಲಿ ಹೊಸದಾಗಿದ್ದ ಹೊತ್ತಿನಲ್ಲಿ, ಅದನ್ನು ಬಲ್ಲ ಒಂದು ಜೊತೆ ಕಿವಿ ಇಕ್ಕೇರಿಯ ಬೀದಿಯಲ್ಲಿ ನಿಂತು ಕೋಲಾಟದ ಪದ ಕೇಳುತ್ತಿತ್ತು.

ಪ್ರಶ್ನೆ: ನಮ್ಮದು ಅಂಕೋಲಾ ಕಡೆಯ ಮೂಲ. ಅಜ್ಜನ ಕಾಲದ ಗುಮಟೆಗೆ ಉಡದ ಚರ್ಮವಿತ್ತು. ಈಗ ಮೇಕೆಯ ಚರ್ಮ ಹಾಕುತ್ತಾರೆ, ದನಿ ಅದಲ್ಲ ಎಂದು ಅಪ್ಪ ಗೊಣಗುತ್ತಾರೆ. ನಿಮ್ಮ ಲೆಕ್ಕದಲ್ಲಿ ಇಂದಿನ ಗುಮಟೆ ನಕಲಿಯೇ?
— ಫೋಂಡಾದ ಓದುಗಿ

ಉತ್ತರ: ತಮ್ಮ ಪತ್ರ ಬರದಿದ್ದರೆ ಈ ಅಂಕಣ ಯುರೋಪಿನಲ್ಲೇ ಮುಗಿದುಹೋಗುತ್ತಿತ್ತು. ಗುಮಟೆ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಅದು ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಚಿಕ್ಕ ಬಾಯಿಯನ್ನು ಎಡ ಅಂಗೈಯಿಂದ ಮುಚ್ಚಿ ತೆರೆದು ಗುಮ್ಮೆನ್ನುವ ನಾದವನ್ನು ಏರಿಳಿಸುತ್ತಾರೆ. ಗೋವಾದಲ್ಲಿ ಘುಮಟ್; ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರಲ್ಲಿಯೂ, ಗೋವಾದಿಂದ ದಕ್ಷಿಣಕ್ಕೆ ವಲಸೆ ಹೋದ ಕುಡುಬಿಯರ ಹೋಳಿ ಕುಣಿತದಲ್ಲಿಯೂ ಗುಮಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡಕ್ಕೆ ರಕ್ಷಣೆಯಿರುವುದರಿಂದ ಅದರ ಚರ್ಮ ಬಳಸುವಂತಿಲ್ಲ. ಮೇಕೆಯ ಚರ್ಮದ ಘುಮಟ್ ಅನ್ನೇ ಗೋವಾ ಸರ್ಕಾರ 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯವೆಂದು ಗೌರವಿಸಿತು.

ತಮ್ಮ ತಂದೆಯವರು ಗೊಣಗುವುದು ಸರಿಯಾಗಿಯೇ ಇದೆ. ಉಡದ ಚರ್ಮ ತೆಳುವಾಗಿದ್ದೂ ಬಿಗಿಯಾದದ್ದು, ಅದರ ದನಿಗೆ ಒಂದು ಕಟ್ಟಿತ್ತು. ಹಾಗೆಂದು ಇಂದಿನದು ನಕಲಿಯಾಗುವುದಿಲ್ಲ. ನುಡಿಸುವ ಕೈ, ಹಾಡುವ ಪದ, ಹೋಳಿಯ ಹುಣ್ಣಿಮೆ ಯಾವುದೂ ಕಡಿದುಹೋಗಿಲ್ಲ. ಯುರೋಪಿನಲ್ಲಿ ಗಾಂಬಾ ನುಡಿಸುವ ಕೈಗಳ ಸಾಲು ಹದಿನೆಂಟನೆಯ ಶತಮಾನದ ಕೊನೆಗೆ ಬಹುಮಟ್ಟಿಗೆ ಕಡಿದುಹೋಯಿತು, ವಾದ್ಯಗಳು ಗೋಡೆಯ ಮೇಲೆ ಉಳಿದವು. ಆದ್ದರಿಂದ ಅವರು ವಾದ್ಯದಿಂದ ಕೈಯನ್ನು ಮತ್ತೆ ಕಲಿಯಬೇಕಾಯಿತು. ನಿಮ್ಮಲ್ಲಿ ಕೈ ಉಳಿದಿದೆ, ಚರ್ಮ ಬದಲಾಗಿದೆ. ತಂದೆಯವರಿಗೆ ಹಳೆಯ ದನಿ ನೆನಪಿರುವಾಗಲೇ ಒಂದು ಕೆಲಸ ಮಾಡಿ: ನಾಲ್ಕೈದು ಬಗೆಯ ಮೇಕೆ ಚರ್ಮದ ಗುಮಟೆಗಳನ್ನು ಅವರ ಮುಂದಿಟ್ಟು, ಯಾವುದು ಹತ್ತಿರವೆಂದು ಕೇಳಿ, ಆ ಚರ್ಮದ ದಪ್ಪವನ್ನೂ ಅದನ್ನು ನೆನೆಸಿ ಬಿಗಿದ ರೀತಿಯನ್ನೂ ಬರೆದಿಡಿ. ವಾದ್ಯಗಳ ಪ್ರತಿ ಮಾಡುವವರು ಸಂಗ್ರಹಾಲಯದಲ್ಲಿ ಅಳತೆಪಟ್ಟಿ ಹಿಡಿದು ಮಾಡುವುದು ಇದನ್ನೇ, ಅವರಿಗೆ ಕೇಳಲು ಅಪ್ಪ ಇರುವುದಿಲ್ಲ ಅಷ್ಟೆ.

ಪ್ರಶ್ನೆ: ಪುರಂದರದಾಸರ ಪದಗಳನ್ನೂ ಹೀಗೆ ಅವರ ಕಾಲದ ರೀತಿಯಲ್ಲಿ ಹಾಡಿಸಬಹುದೇ?
— ಠಾಣೆಯ ಓದುಗಿ

ಉತ್ತರ: ಪದಗಳು ಉಳಿದಿವೆ, ಧಾಟಿಗಳನ್ನು ಯಾರೂ ಸ್ವರ ಹಾಕಿ ಬರೆದಿಡಲಿಲ್ಲ. ದಾಸರು ತೀರಿಕೊಂಡದ್ದು 1564ರಲ್ಲಿ. ಇಂದು ಹಾಡುವ ರಾಗಗಳಲ್ಲಿ ಬಹಳಷ್ಟು ಆಮೇಲಿನ ಗಾಯಕರು ಕೂಡಿಸಿದವು. ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಿಂದ ಅಂದಿನ ವೀಣೆಯ ಮೆಟ್ಟಿಲುಗಳು ಎಲ್ಲಿದ್ದವೆಂದು ತಿಳಿಯುತ್ತದೆ, ದೇವಾಲಯದ ಶಿಲ್ಪಗಳಿಂದ ವಾದ್ಯಗಳ ಆಕಾರ ತಿಳಿಯುತ್ತದೆ, ಕಿನ್ನರಿ ಜೋಗಿಗಳ ಕೈಯಲ್ಲಿ ಒಂದು ಹಳೆಯ ವಾದ್ಯದ ವಂಶವೂ ಉಳಿದಿದೆ. ಇಷ್ಟರಿಂದ ಒಂದು ವೀಣೆಯನ್ನು ಕಟ್ಟಬಹುದು, ಒಂದು ಪದವನ್ನು ಕಟ್ಟಲಾಗದು. ಯಾರಾದರೂ ಕಟ್ಟಿದ್ದೇವೆಂದು ಜಾಹೀರಾತು ಕೊಟ್ಟರೆ ಟಿಕೆಟ್ ಕೊಳ್ಳುವ ಮೊದಲು ನನಗೊಂದು ಕಾರ್ಡು ಬರೆಯಿರಿ.

ಪ್ರಶ್ನೆ: ಕುರಿಯ ಕರುಳೆಂದು ತಿಳಿದ ಮೇಲೆ ನನಗೆ ಒಂಥರಾ ಆಯಿತು. ಸಸ್ಯಾಹಾರಿಗಳು ಇದನ್ನು ಕೇಳಬಹುದೇ?
— ಮಾಟುಂಗಾದ ಓದುಗಿ

ಉತ್ತರ: ಮೃದಂಗ, ತಬಲಾ, ಖಂಜಿರ ಕೇಳುತ್ತೀರಾದರೆ ಇದನ್ನೂ ಕೇಳಬಹುದು. ಕರುಳಿನ ದನಿಗೆ ಹತ್ತಿರ ಬರುವ ಕೃತಕ ತಂತಿಗಳೂ ಈಗ ಸಿಗುತ್ತವೆ. ಅವುಗಳಿಗೆ ತೇವದ ಕಾಟವೂ ಕಡಿಮೆ.

ಪ್ರಶ್ನೆ: ಮನೆಯಲ್ಲಿ ಅಜ್ಜನ ಪಿಟೀಲು ಇದೆ, ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿದ ಹಳದಿ ಬಣ್ಣದ ತಂತಿಗಳೂ ಇವೆ. ಕರುಳಿನವೇ ಇರಬೇಕು. ಹಾಕಿ ನೋಡಬಹುದೇ?
— ಪುಣೆಯ ಕೊಥ್ರೂಡ್‌ನ ಓದುಗರು

ಉತ್ತರ: ಇರಬಹುದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಯುರೋಪಿನ ಹೆಚ್ಚಿನ ವಾದಕರು ಕರುಳನ್ನೇ ಬಳಸುತ್ತಿದ್ದರು. ಮೇಲಿನ ತಂತಿಗೆ ಉಕ್ಕು ಸಾಮಾನ್ಯವಾದದ್ದು ಮೊದಲ ಮಹಾಯುದ್ಧದ ಹೊತ್ತಿನಲ್ಲಿ. ಆದರೆ ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದ ಕರುಳು ಬಿರುಸಾಗಿರುತ್ತದೆ, ಬಿಗಿಯುವಾಗ ಕಡಿದು ಮುಖಕ್ಕೆ ಹೊಡೆದೀತು. ಹಾಕುವುದಾದರೆ ಹೊಸದನ್ನು ತರಿಸಿ. ಕರುಳು ಉಕ್ಕಿಗಿಂತ ದಪ್ಪವಿರುವುದರಿಂದ ಬಿರಡೆಗಳ ಕೆಳಗಿನ ಪಟ್ಟಿಯ ಗೀರುಗಳನ್ನೂ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ಗೀರುಗಳನ್ನೂ ತುಸು ಅಗಲ ಮಾಡಬೇಕಾಗಬಹುದು. ಅದನ್ನು ನೀವೇ ಅರ ಹಿಡಿದು ಮಾಡಬೇಡಿ, ಪಿಟೀಲು ಬಲ್ಲ ಕುಶಲಕರ್ಮಿಗೆ ಕೊಡಿ. ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಲೂ ಬೇಡಿ: ಕುದುರೆ ಬೀಳುತ್ತದೆ, ಅದರೊಂದಿಗೆ ಒಳಗೆ ನಿಂತಿರುವ ಸಣ್ಣ ಮರದ ಕಡ್ಡಿಯೂ ಬೀಳುತ್ತದೆ, ಅದನ್ನು ಮತ್ತೆ ನಿಲ್ಲಿಸುವುದು ದೊಡ್ಡ ಫಜೀತಿ. ಒಂದನ್ನು ಬಿಚ್ಚಿ, ಒಂದನ್ನು ಹಾಕಿ, ಒಂದು ದಿನ ಬಿಟ್ಟು ಇನ್ನೊಂದಕ್ಕೆ ಕೈಹಾಕಿ. ಮೊದಲ ವಾರ ದಿನಕ್ಕೆ ಹತ್ತು ಸಲ ಶ್ರುತಿ ಇಳಿಯುತ್ತದೆ. ಅಜ್ಜನ ಹಳದಿ ಸುರುಳಿಗಳನ್ನು ಎಸೆಯದೆ ಪೆಟ್ಟಿಗೆಯಲ್ಲೇ ಇಡಿ. ಅವುಗಳ ದಪ್ಪವನ್ನು ಅಳೆದು ನೋಡಿದರೆ ಅವರು ಪಿಟೀಲನ್ನು ಯಾವ ಶ್ರುತಿಗೆ ಬಿಗಿಯುತ್ತಿದ್ದರೆಂಬ ಅಂದಾಜು ಸಿಕ್ಕೀತು.